ಎಡಗಡೆಯ ಬಣ್ಣ

ನಮ್ಮೂರಿನ ಸುತ್ತುಗೋಡೆಯ ಅಗಸಿಯ ಬಾಗಿಲು ತೆರೆಯಬೇಕಾದರೆ ಒಳಗಿನವರು ಯಾರಾದರೂ ಆಟ ಗೆಲ್ಲಬೇಕು. ಬೆಳಿಗ್ಗೆ ಏಳಕ್ಕೆ ಒಂದು ಸಲ, ಸಂಜೆ ಐದೂವರೆಗೆ ಬಸ್ಸು ಬಂದಾಗ ಇನ್ನೊಂದು ಸಲ. ಅಗಸಿಯ ಪಕ್ಕದ ಕಲ್ಲುಗೂಡಿನಲ್ಲಿ, ಹಿಂದೆ ಕಾವಲಿನವನು ಕೂರುತ್ತಿದ್ದ ಜಾಗದಲ್ಲಿ, ಆಳೆತ್ತರದ ಪೆಟ್ಟಿಗೆ ನಿಂತಿದೆ. ಅದಕ್ಕೊಂದು ಗಾಜು, ಕೆಂಪು ಬಣ್ಣ ಬಳಿದ ಒಂದು ಹಿಡಿಕೆ, ಒಂದು ಗುಂಡಿ. ಗಾಜಿನೊಳಗೆ ಟೊಪ್ಪಿಗೆ ಹಾಕಿದ ಗೇಣುದ್ದದ ಮನುಷ್ಯ. ಅವನಿಗೆ ನಾವು ಹಾರಪ್ಪ ಅನ್ನುತ್ತೇವೆ. ಹಾರಪ್ಪ ಐದು ಲೆವೆಲ್ಲು ದಾಟಿ ಕೊನೆಯ ಧ್ವಜ ಮುಟ್ಟಿದರೆ ಒಂದು ಹಾಡು ಬರುತ್ತದೆ. ಹಾಡು ಮುಗಿಯುವವರೆಗೆ ಎರಡೂ ಕದ ತೆರೆದಿರುತ್ತವೆ. ಒಂದು ಬಸ್ಸು, ಆರೇಳು ಚಕ್ಕಡಿ, ಒಂದು ಕುರಿಹಿಂಡು ದಾಟುವಷ್ಟು ಉದ್ದದ ಹಾಡು ಅದು. ಗೋಡೆ ಹತ್ತಿ ಆ ಕಡೆ ಇಳಿದವರು ಈ ಕಡೆಯೇ ಇಳಿಯುತ್ತಾರೆ, ಎಸೆದ ಗಂಟೂ ಎಸೆದವರ ತಲೆಯ ಮೇಲೇ ಬೀಳುತ್ತದೆ. ಹಾಗಾಗಿ ಯಾರೂ ಆ ಉಸಾಬರಿಗೆ ಹೋಗುವುದಿಲ್ಲ. ಮಾತು ಮಾತ್ರ ಆ ಕಡೆ ಈ ಕಡೆ ಸರಾಗವಾಗಿ ಹೋಗಿಬರುತ್ತದೆ.

ಇದರಿಂದ ನಮಗೇನೋ ಕಷ್ಟವಿತ್ತು ಅಂದುಕೊಳ್ಳಬೇಡಿ. ಆಟದೊಳಗೆ ಏಡಿ ಬರುವ ಹೊತ್ತು, ಏಣಿಯ ಎತ್ತರ, ಹೊಂಡದ ಅಗಲ ಮೂವತ್ತು ವರ್ಷದಿಂದ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಊರಿಗೆ ಊರೇ ಅದನ್ನು ಎಣಿಕೆ ಮಾಡಿ ಬಾಯಿಪಾಠ ಮಾಡಿತ್ತು. ಐದು ನಡಿ, ಒಂದು ಹಾರು, ತಾಳು, ಎರಡು ಹಾರು, ಏಣಿಗೆ ಏಳು. ಹೆಂಗಸರು ಇದೇ ಲೆಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದರು. ಶಾಲೆಯಲ್ಲಿ ಮಗ್ಗಿ ಮುಗಿದ ಮೇಲೆ ಗುರುಪಾದ ಮಾಸ್ತರು ಎಣಿಕೆ ಹೇಳಿಸುತ್ತಿದ್ದರು. ಪ್ರತಿ ಮನೆಗೂ ಒಂದೊಂದು ದಿನದ ಸರದಿ. ಸರದಿ ಬಂದ ಮನೆಯವರು ಕೊರಳಿಗೆ ತಾಮ್ರದ ಬಿಲ್ಲೆ ಹಾಕಿಕೊಂಡು ಬಂದು ಆಡಿ, ಬಿಲ್ಲೆಯನ್ನು ಪಕ್ಕದ ಮನೆಗೆ ದಾಟಿಸಿ ಹೋಗುತ್ತಿದ್ದರು. ಒಬ್ಬರ ಕೈಗೆ ದಿನಕ್ಕೆ ಮೂರೇ ಜೀವ. ಅವು ಮುಗಿದರೆ ಮರುದಿನ ಹೊತ್ತು ಹುಟ್ಟುವವರೆಗೆ ಹಿಡಿಕೆ ಆ ಕೈಯ ಮಾತು ಕೇಳುವುದಿಲ್ಲ. ಆದರೆ ಎರಡನೆಯ ಜೀವ ಬಳಸಿದವರನ್ನೇ ನಾವು ಕಂಡಿರಲಿಲ್ಲ. ಕಿರಾಣಿ ಅಂಗಡಿಯವರು ಹಿಂದೆ ತಿರುಗಿ ಗಿರಾಕಿಯ ಜೊತೆ ಬೆಲ್ಲದ ಮಾತಾಡುತ್ತಲೇ ಐದೂ ಲೆವೆಲ್ಲು ಮುಗಿಸುತ್ತಿದ್ದರು. ಗಾಜಿನೊಳಗೆ ಏನಿದೆ ಅಂತ ನೋಡುವ ಅಗತ್ಯವೇ ಯಾರಿಗೂ ಬರುತ್ತಿರಲಿಲ್ಲ.

ನಮ್ಮ ಮನೆಯ ಸರದಿ ನನ್ನ ಅಕ್ಕ ಕಸ್ತೂರಿಯದು. ಅವಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುತ್ತಿದ್ದಳು. ಶಾಲೆಯ ವಾರ್ಷಿಕ ಗ್ಯಾದರಿಂಗಿನ ಪಂದ್ಯದಲ್ಲಿ ಹಾಗೆ ಆಡಿ ಗೆದ್ದ ಸ್ಟೀಲಿನ ಡಬ್ಬಿಯಲ್ಲಿ ಅವ್ವ ಈಗಲೂ ಸಾಸಿವೆ ಹಾಕಿಡುತ್ತಾಳೆ. ನಮ್ಮ ಮನೆಯಲ್ಲಿ ಮಾತಾಡುವುದು ಅವಳ ಕೆಲಸ. ನಾನು ಅವಳ ಬೆನ್ನ ಹಿಂದೆ ನಿಲ್ಲುವವಳು. ಎಣಿಕೆ ಹೇಳು ಅಂತ ಎಬ್ಬಿಸಿ ನಿಲ್ಲಿಸಿದರೆ ನನ್ನ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಹಾರಪ್ಪ ಕಣ್ಣ ಮುಂದೆ ಬರುತ್ತಿದ್ದ, ಏಡಿಯ ಕೊಂಡಿ ಬರುತ್ತಿತ್ತು, ಸಂಖ್ಯೆ ಬರುತ್ತಿರಲಿಲ್ಲ. ಐದನೇ ತರಗತಿಯಲ್ಲಿ ಮಾಸ್ತರು, "ಬಂಗಾರೆವ್ವ, ನಿನಗ ಎಣಿಕಿ ಹತ್ತೂದಿಲ್ಲವಾ. ಮನಿಯಾಗ ಅವ್ವಗ ಕೈಗೂಡು" ಅಂದರು. ಸಿಟ್ಟಿನಿಂದ ಅಂದದ್ದಲ್ಲ, ಮರುಗಿಯೇ ಅಂದದ್ದು. ಅವತ್ತಿನಿಂದ ಮನೆಯಲ್ಲಿದ್ದು ಕಸೂತಿ ಹಾಕುತ್ತೇನೆ. ದಿನಾ ಬೆಳಿಗ್ಗೆ ಆರಕ್ಕೆ ಹೋಗಿ ಪೆಟ್ಟಿಗೆ ಒರೆಸುವ ಕೆಲಸವೂ ನನ್ನದೇ. ಒರೆಸುವವಳನ್ನು ಯಾರೂ ಮಾತಾಡಿಸುವುದಿಲ್ಲ, ಅದು ನನಗೆ ಒಗ್ಗಿದ ಕೆಲಸ. ಆರು ವರ್ಷ ಆ ಗಾಜನ್ನು ಒರೆಸಿದ್ದೇನೆ. ಒಮ್ಮೆಯೂ ಆಡಿರಲಿಲ್ಲ.

ಈ ಸಲದ ಚಳಿಗಾಲದಲ್ಲಿ ಕಸ್ತೂರಿಗೆ ಬಸ್ ಕಂಡಕ್ಟರ್ ಕೆಲಸದ ಕಾಗದ ಬಂತು. ಶನಿವಾರ ಬೆಳಿಗ್ಗೆ ಹತ್ತಕ್ಕೆ ಡಿಪೋದಲ್ಲಿ ಹಾಜರಿರಬೇಕು, ಬಾರದಿದ್ದರೆ ಪಟ್ಟಿಯಲ್ಲಿ ಮುಂದಿನವರಿಗೆ. ಎರಡು ವರ್ಷ ಕಾದ ಕಾಗದ. ಅವ್ವ ಮೂರು ಊರಿಗೆ ಕೇಳಿಸುವಂತೆ ಅದನ್ನು ಓದಿಸಿದಳು. ಶನಿವಾರ ಹತ್ತಕ್ಕೆ ಅಲ್ಲಿರಬೇಕೆಂದರೆ ತಡವೆಂದರೂ ಶುಕ್ರವಾರ ಸಂಜೆಯ ಬಸ್ಸು ಹಿಡಿಯಲೇಬೇಕು. ಕಸ್ತೂರಿ ಬುಧವಾರವೇ ಟ್ರಂಕು ತುಂಬಿ ಬಾಗಿಲ ಬಳಿ ಇಟ್ಟಳು.

ಅದೇ ಬುಧವಾರ ಮಧ್ಯಾಹ್ನ ಪೆಟ್ಟಿಗೆಯೊಳಗೆ ಹಲ್ಲಿ ಹೊಕ್ಕು, ಆಟ ನಡೆಸುವ ಬೋರ್ಡು ಸುಟ್ಟುಹೋಯಿತು.

ರೇಡಿಯೋ ರಿಪೇರಿಯ ದಸ್ತಗೀರ ಚಾಚಾ ಹಿಂಬದಿಯ ಹಲಗೆ ಬಿಚ್ಚಿ, ಕರಿಕಾದ ಹಲ್ಲಿಯನ್ನು ಇಕ್ಕಳದಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು. "ಹಲ್ಲಿದೂ ಕಥಿ ಮುಗೀತು, ಬೋರ್ಡಿಂದೂ ಮುಗೀತು" ಅಂದರು.

"ಬ್ಯಾರೇದು ಹಾಕ್ರಿ ಮತ್ತ" ಅಂದರು ಗುರುಪಾದ ಮಾಸ್ತರು.

"ಬ್ಯಾರೇದು ಪ್ಯಾಟ್ಯಾಗ ಐತ್ರಿ. ಪ್ಯಾಟಿ ಅಗಸಿ ಹೊರಗ ಐತಿ."

ಆಮೇಲೆ ಚಾಚಾ ಮನೆಗೆ ಹೋಗಿ, ತಮ್ಮ ಉಸ್ತಾದರ ಕಾಲದ ತಗಡಿನ ಪೆಟ್ಟಿಗೆಯಿಂದ ಹಳೆ ಪಂಚೆಯಲ್ಲಿ ಸುತ್ತಿದ ಒಂದು ಬೋರ್ಡು ತಂದರು. ಅದರ ಮೇಲೆ ಪೆನ್ಸಿಲಿನಲ್ಲಿ 'ಮೊದಲಿಂದು' ಅಂತ ಬರೆದಿತ್ತು. "ಆಟ ಮಾಡಿದವ್ರು ಮೊದಲ ಹಿಂಗ ಮಾಡಿದ್ರಂತ. ಆಮ್ಯಾಲ ತಿದ್ದಿ ತೀಡಿ ನಾವು ಆಡೂದು ಮಾಡ್ಯಾರ. ಇದು ಕಚ್ಚಾ ಮಾಲು. ಆದ್ರ ನಡೀತೈತಿ" ಅಂದರು.

ನಡೆಯಿತು. ಗಾಜು ಬೆಳಗಿದಾಗ ಊರೆಲ್ಲ ಗೂಡಿನ ಮುಂದೆ ಸೇರಿತ್ತು. ಆಕಾಶ ನೀಲಿ ಇರಲಿಲ್ಲ, ಹೆಸರುಕಾಳಿನ ಹಸಿರು. ಸೂರ್ಯನನ್ನು ಇನ್ನೂ ಬರೆದೇ ಇರಲಿಲ್ಲ. ಏಡಿ ಬರುವಲ್ಲಿ ಕಪ್ಪೆ ಇತ್ತು, ಏಣಿ ಇರುವಲ್ಲಿ ಹಗ್ಗ. ಲೆವೆಲ್ಲು ಐದಲ್ಲ, ಮೂರೇ. ಹಾರಪ್ಪನ ತಲೆಯ ಮೇಲೆ ಟೊಪ್ಪಿಗೆಯ ಬದಲು ದೊಡ್ಡ ರುಮಾಲು.

"ಥೇಟ ನಮ್ಮ ಮಾವ ನೋಡ ಬೇ" ಅಂದಳು ಒಬ್ಬಳು.

"ನಿಮ್ಮ ಮಾವ ಇಷ್ಟ ಹಾರಿದ್ರ ಸೊಂಟ ಯಾಕ ಮುರೀತಿತ್ತು" ಅಂದಳು ಇನ್ನೊಬ್ಬಳು. ಎಲ್ಲರೂ ನಕ್ಕರು. ಅದೇ ಕೊನೆ, ಆಮೇಲೆ ಎರಡು ದಿನ ಯಾರೂ ಅಷ್ಟು ನಗಲಿಲ್ಲ.

ಅವತ್ತಿನ ಬಿಲ್ಲೆಯವರು ಹಳೆಯ ಎಣಿಕೆಯಲ್ಲಿ ಐದು ನಡೆದು ಒಂದು ಹಾರಿ ನೆಟ್ಟಗೆ ಕಪ್ಪೆಯ ಬಾಯಿಗೆ ಬಿದ್ದರು. ಮುಂದಿನವರೂ ಐದು ನಡೆದು ಒಂದು ಹಾರಿದರು. ಕಿರಾಣಿ ಅಂಗಡಿಯವರು ಅಭ್ಯಾಸದಂತೆ ಹಿಂದೆ ತಿರುಗಿ ಆಡಿ ಮೂರು ಜೀವವನ್ನೂ ಅಲ್ಲೇ ಕಳೆದರು. ಕಪ್ಪೆ ಕಣ್ಣೆದುರೇ ಕೂತಿದ್ದರೂ ಅವರ ಬೆರಳು ಏಡಿಯ ಲೆಕ್ಕವನ್ನೇ ಹಿಡಿದಿತ್ತು. ಹೊತ್ತು ಮುಳುಗುವುದರೊಳಗೆ ನಲವತ್ತು ಜನರ ಜೀವ ಮುಗಿದಿತ್ತು. ಆರು ಗಂಟೆಗೆ ಬಸ್ಸು ಹೊರಗಿನಿಂದಲೇ ಹಾರ್ನ್ ಹೊಡೆದು ಹೋಯಿತು.

ಗುರುವಾರ ಮಾಸ್ತರು ಶಾಲೆಯ ಕರಿಹಲಗೆಯನ್ನೇ ಹೊತ್ತು ತಂದು ಅಗಸಿಗೆ ಆನಿಸಿ ಇಟ್ಟರು. ಯಾರು ಎಲ್ಲಿ ಸತ್ತರು ಅಂತ ಬರೆದುಕೊಳ್ಳುತ್ತ ಹೊಸ ಎಣಿಕೆ ಕಟ್ಟತೊಡಗಿದರು. ಒಬ್ಬರ ಸಾವು ಮುಂದಿನವರಿಗೆ ಒಂದು ಹೆಜ್ಜೆ. ಮಧ್ಯಾಹ್ನಕ್ಕೆ ಮೊದಲನೆಯ ಲೆವೆಲ್ಲಿನ ಎಣಿಕೆ ಸಿದ್ಧವಾಯಿತು. ಎರಡನೆಯದರಲ್ಲಿ ಗೋಡೆಗಳಿಗೆ ಬಣ್ಣವೇ ತುಂಬಿರಲಿಲ್ಲ, ಬರೀ ಗೆರೆ. ಅದನ್ನೂ ಸಂಜೆಗೆ ಕಸ್ತೂರಿ ದಾಟಿದಳು. ಮೂರನೆಯದರಲ್ಲಿ ಒಂದು ಸೇತುವೆ. ಒಂದು ಹಲಗೆ ಇದೆ, ಒಂದು ಇಲ್ಲ, ಒಂದು ಇದೆ, ಒಂದು ಇಲ್ಲ. ಹಾರಿ ಹಾರಿ ಕೊನೆಗೆ ಹೋದರೆ ಒಂದು ಕಂಬ, ಅದರಾಚೆ ಅಗಲವಾದ ಹೊಂಡ. ಕಸ್ತೂರಿ ಹಾರಿದಳು, ಬಿದ್ದಳು. ಓಡಿಬಂದು ಹಾರಿದಳು, ಬಿದ್ದಳು. ನಿಂತು ಹಾರಿದರೂ ಬಿದ್ದಳು.

ಹೊರಗಿನಿಂದ ಬಸ್ಸಿನ ಡ್ರೈವರ್ ಬಾಳಪ್ಪ ಕೂಗಿದ. "ಏನ್ರಿ ಒಳಗಿನವ್ರು, ನಾಳೆರ ತಗೀತೀರೋ, ಇಲ್ಲಾ ನಾ ಇಲ್ಲೇ ಒಂದು ಬಸ್ ಸ್ಟ್ಯಾಂಡ್ ಕಟ್ಟಿಸಲೋ?"

ಮನೆಗೆ ಬಂದ ಕಸ್ತೂರಿ ಟ್ರಂಕಿನ ಮೇಲೆ ಕೂತಳು. ಊಟಕ್ಕೆ ಕರೆದರೆ ಬರಲಿಲ್ಲ. "ಹೊಂಡ ದಾಟಾಕ ಆಗಂಗಿಲ್ಲ ಬಂಗಾರಿ. ಅಷ್ಟು ಹಾರಾಕ ಅವನ ಕಾಲಾಗ ಬಲ ಇಲ್ಲ. ಮಾಡಿದವ್ರು ಅಲ್ಲಿಗೇ ಬಿಟ್ಟಾರ ಕಾಣತೈತಿ" ಅಂದಳು. ಅವಳು ಸೋತು ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಎಂದಿನಂತೆ ಪೆಟ್ಟಿಗೆ ಒರೆಸಲು ಹೋದೆ. ಎರಡು ದಿನದ ಕೈಬೆವರಿನಿಂದ ಹಿಡಿಕೆ ಜಿಡ್ಡುಗಟ್ಟಿತ್ತು. ಸೀಗೆನೀರಿನಲ್ಲಿ ತಿಕ್ಕಿದೆ. ಬಲಗಡೆಯ ಕೆಂಪು ಪೂರಾ ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಮೇಲೆ ಕೆಳಗೆ ಅರ್ಧರ್ಧ ಸವೆದಿತ್ತು. ಎಡಗಡೆಯ ಬಣ್ಣ ಮಾತ್ರ ನಿನ್ನೆ ಬಳಿದಂತೆ ಇತ್ತು. ಇದನ್ನು ನಾನು ಆರು ವರ್ಷದಿಂದ ಕಂಡಿದ್ದೆ. ಹಿಡಿಕೆ ಎಡಕ್ಕೂ ಹೋಗುತ್ತದೆ, ಆದರೆ ಎಡಕ್ಕೆ ಏನೂ ಇಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಎಣಿಕೆಯಲ್ಲಿ ನಡಿ ಇದೆ, ಹಾರು ಇದೆ, ತಾಳು ಇದೆ, ಹಿಂದೆ ಬಾ ಅನ್ನುವುದು ಇಲ್ಲ.

ಮನೆಗೆ ಬಂದು ಕೂಸಿನ ತಲೆಗೆ ಹಾಕುವ ಒಂದು ಕುಲಾಯಿಗೆ ಗವಂತಿ ಹಾಕುತ್ತ ಕೂತೆ. ಗವಂತಿ ಅಂದರೆ ಕಸೂತಿಯ ಒಂದು ಹೊಲಿಗೆ. ಸೂಜಿ ಹೋಗುವಾಗ ಒಂದು ಹೊಲಿಗೆ ಕಾಣುತ್ತದೆ, ಒಂದು ಜಾಗ ಖಾಲಿ ಬಿಡುತ್ತದೆ. ಅಷ್ಟನ್ನೇ ನೋಡಿದರೆ ಕೆಲಸ ಅರ್ಧಕ್ಕೆ ಬಿಟ್ಟಂತೆ ಕಾಣುತ್ತದೆ. ಕೊನೆಗೆ ಹೋಗಿ ತಿರುಗಿ ಅದೇ ದಾರಿಯಲ್ಲಿ ಬಂದರೆ ಖಾಲಿ ಬಿಟ್ಟ ಜಾಗಗಳೆಲ್ಲ ತುಂಬಿ ಗೆರೆ ಪೂರ್ತಿಯಾಗುತ್ತದೆ. ಗೆರೆಯ ಕೊನೆಗೆ ಹೋಗಿ ಬಟ್ಟೆ ತಿರುಗಿಸಿದೆ. ಸೂಜಿ ಕೈಯಲ್ಲೇ ನಿಂತಿತು. ಒಂದು ಹಲಗೆ ಇದೆ, ಒಂದು ಇಲ್ಲ. ಆ ಸೇತುವೆಯನ್ನು ಬರೆದವರು ಅರ್ಧಕ್ಕೆ ಬಿಟ್ಟಿರಲಿಲ್ಲ. ಹೋಗುವುದನ್ನಷ್ಟೇ ಬರೆದು, ಬರುವುದನ್ನು ಆಡುವವರಿಗೆ ಬಿಟ್ಟಿದ್ದರು.

"ಅಕ್ಕಾ, ಕಂಬದ ತನಕಾ ಹೋಗಿ ಹಿಂದಕ ಬಾ" ಅಂದೆ.

ಕಸ್ತೂರಿ ಮುಖ ಎತ್ತಿದಳು. "ಹಿಂದಕ ಬಂದ್ರ ಬಾಗಲಾ ಹೆಂಗ ತಗೀತೈತಿ?"

ನಾನು ಕುಲಾಯಿಯನ್ನು ಅವಳ ತೊಡೆಯ ಮೇಲಿಟ್ಟು ತೋರಿಸಿದೆ. ಅವಳು ಬಟ್ಟೆ ನೋಡಿದಳು, ನನ್ನ ಮುಖ ನೋಡಿದಳು. "ನೀ ಇಷ್ಟ ಮಾತಾಡಿದ್ದ ದೊಡ್ಡದು. ನೋಡೂಣು" ಅಂದಳು.

ಬೆಳಗಿನ ಸರದಿಯಲ್ಲಿ ಊರಿನವರೆಲ್ಲ ತಮ್ಮ ಜೀವ ಸುರಿದರು. ಅವ್ವನೂ ಮೂರನ್ನೂ ಕಪ್ಪೆಗೆ ಕೊಟ್ಟಳು. ಕಸ್ತೂರಿ ಮಾತ್ರ ತನ್ನ ಮೂರನ್ನು ಸಂಜೆಗೆ ಉಳಿಸಿಕೊಂಡಳು. ಐದೂವರೆಗೆ ಬಿಲ್ಲೆ ಹಾಕಿಕೊಂಡು, ಟ್ರಂಕನ್ನು ಕಾಲ ಬಳಿ ಇಟ್ಟುಕೊಂಡು ನಿಂತಳು. ಹೊರಗೆ ಬಸ್ಸಿನ ಇಂಜಿನ್ ಗುರುಗುಟ್ಟುತ್ತಿತ್ತು.

ಎರಡು ಲೆವೆಲ್ಲನ್ನು ಅವಳು ಹೊಸ ಎಣಿಕೆಯಲ್ಲಿ ನೀರು ಕುಡಿದಂತೆ ದಾಟಿದಳು. ಕಂಬದ ಹತ್ತಿರ ಬಂದಳು. ಅಲ್ಲಿ ಅವಳ ಕೈ ತಾನಾಗಿ ಬಲಕ್ಕೆ ಒತ್ತಿ ಹಾರಿಸಿತು. ಹಾರಪ್ಪ ಹೊಂಡಕ್ಕೆ ಬಿದ್ದ. ಎರಡನೆಯ ಜೀವದಲ್ಲಿ ಕಂಬದ ಬಳಿ ಹಲ್ಲು ಕಚ್ಚಿ ಹಿಡಿಕೆಯನ್ನು ಎಡಕ್ಕೆ ಎಳೆದಳು. ಹಾರಪ್ಪ ತಿರುಗಿದ. ಮೂವತ್ತು ವರ್ಷದಲ್ಲಿ ನಾವು ಅವನ ಎಡಗೆನ್ನೆ ನೋಡಿದ್ದು ಅದೇ ಮೊದಲು. ಅವನು ಒಂದು ಹೆಜ್ಜೆ ಹಿಂದಿಟ್ಟಾಗ, ಖಾಲಿ ಇದ್ದ ಜಾಗದಲ್ಲಿ ಒಂದು ಹಲಗೆ ಮೂಡಿತು. ಇನ್ನೊಂದು ಹಲಗೆ ಮೂಡಿತು. ಆಗ ಅವಳ ಹೆಬ್ಬೆರಳು, ಎರಡು ಹೆಜ್ಜೆಯಾದ ಮೇಲೆ ಹಾರಿ ರೂಢಿಯಾದ ಹೆಬ್ಬೆರಳು, ಗುಂಡಿ ಒತ್ತಿತು. ಹಾರಪ್ಪ ಮೂಡಿದ ಹಲಗೆಯನ್ನು ಬಿಟ್ಟು, ಇನ್ನೂ ಮೂಡದ ಕಡೆ ಬಿದ್ದ. ಮೂರನೆಯ ಜೀವವೂ ಹಾಗೇ ಹೋಯಿತು.

ಕಸ್ತೂರಿ ತನ್ನ ಕೈಯನ್ನೇ ಬೇರೆಯವರದನ್ನು ನೋಡುವಂತೆ ನೋಡಿಕೊಂಡಳು. ಆಮೇಲೆ ಗುಂಪಿನ ಕಡೆ ತಿರುಗಿ, "ನಮ್ಮ ತಂಗಿ ಆಡತಾಳ" ಅಂದಳು.

"ಆಕಿಗೆ ಎಣಿಕಿನ ಬರೂದಿಲ್ಲಲ್ಲವಾ" ಅಂದರು ಮಾಸ್ತರು.

"ಬರೂದಿಲ್ಲ, ಅದಕ್ಕ."

ಹೊರಗಿನಿಂದ ಬಾಳಪ್ಪನ ದನಿ ಬಂತು. "ಇನ್ನ ಹದಿನೈದು ನಿಮಿಷ ನೋಡ್ರಿ. ಆಮ್ಯಾಲ ಗಾಡಿ ಬಿಡಾಂವ ನಾ, ಅಳಿಯಾ ಬಂದ್ರೂ ನಿಲ್ಲಾಂವಲ್ಲ."

ಕಸ್ತೂರಿ ಬಿಲ್ಲೆ ತೆಗೆದು ನನ್ನ ಕೊರಳಿಗೆ ಹಾಕಿದಳು. ತಾಮ್ರ ಬೆಚ್ಚಗಿತ್ತು. ಎದುರಿಗೆ ಊರೆಲ್ಲ ನಿಂತಿತ್ತು, ನನಗೆ ಗೊತ್ತಿದ್ದ ಅಕ್ಕನ ಬೆನ್ನು ಎದುರಿಗೆ ಇರಲಿಲ್ಲ. ಹಿಡಿಕೆ ಹಿಡಿದೆ. ಒರೆಸುವ ಅರಿವೆಯಿಲ್ಲದೆ ಅದನ್ನು ನಾನು ಎಂದೂ ಮುಟ್ಟಿರಲಿಲ್ಲ. ಬೆವರಿದ ಕೈ ಜಾರಿ, ಮೊದಲ ಲೆವೆಲ್ಲಿನಲ್ಲೇ ಹಾರಪ್ಪ ಕಪ್ಪೆಗೆ ಸಿಕ್ಕ. ಒಂದು ಜೀವ ಹೋಯಿತು.

ಎರಡನೆಯದಕ್ಕೆ ಜನ ನನಗೆ ನೆರವಾಗಲು ಹೊರಟರು. ಮಾಸ್ತರು ಕರಿಹಲಗೆಗೆ ಕೋಲು ತಟ್ಟುತ್ತ ಹೊಸ ಎಣಿಕೆ ಹೇಳತೊಡಗಿದರು. ಊರೇ ದನಿಗೂಡಿಸಿತು. ನಾಲ್ಕು ನಡಿ, ತಾಳು, ಒಂದು ಹಾರು. ಕಣ್ಣು ಒಂದು ಹೇಳುತ್ತಿತ್ತು, ಕಿವಿ ಇನ್ನೊಂದು. ಎರಡನೆಯ ಲೆವೆಲ್ಲಿನ ಬಣ್ಣ ತುಂಬದ ಗೋಡೆಗೆ ಬಡಿದು ಎರಡನೆಯ ಜೀವವೂ ಹೋಯಿತು.

ಯಾರೋ ಅಯ್ಯೋ ಅಂದರು. ಅವ್ವ ಸೆರಗು ಬಾಯಿಗೆ ಹಿಡಿದಿದ್ದಳು. ಕಸ್ತೂರಿ ಆಗಿನಿಂದ ಹಿಡಿದಿದ್ದ ಟ್ರಂಕಿನ ಹಿಡಿಕೆಯನ್ನು ಬಿಟ್ಟು ನಿಂತಿದ್ದಳು. ಅದನ್ನು ಕಂಡೆ. ಅವಳು ಅದನ್ನು ಬಿಟ್ಟಿದ್ದಳು.

ನಾನು ತಿರುಗಿದೆ. "ಎಣಿಸಬ್ಯಾಡ್ರಿ" ಅಂದೆ.

ನನ್ನ ದನಿ ಹೀಗಿದೆ ಅಂತ ನನಗೇ ಗೊತ್ತಿರಲಿಲ್ಲ. ದಪ್ಪಗಿತ್ತು, ಅವ್ವನ ದನಿಯಂತೆ. ಮಾಸ್ತರ ಕೋಲು ಗಾಳಿಯಲ್ಲೇ ನಿಂತಿತು. "ಯಾರೂ ಎಣಿಸಬ್ಯಾಡ್ರಿ. ಸುಮ್ಮ ನಿಂತು ನೋಡ್ರಿ."

ಅಗಸಿಯಲ್ಲಿ ಅಷ್ಟು ಜನ ಸೇರಿ ಅಷ್ಟು ಸುಮ್ಮನಿದ್ದದ್ದು ಅದೇ ಮೊದಲು. ಬಸ್ಸಿನ ಇಂಜಿನ್ ಒಂದೇ ಕೇಳುತ್ತಿತ್ತು. ಎರಡನೆಯ ಲೆವೆಲ್ಲಿನ ಮೊದಲಿನಿಂದ ಹೊರಟೆ. ಗೆರೆ ಎಲ್ಲಿ ಬಾಗುತ್ತದೋ ಅಲ್ಲಿ ಬಾಗಿದೆ, ಹಗ್ಗ ಎಲ್ಲಿ ತೂಗುತ್ತದೋ ಅಲ್ಲಿ ಕಾದೆ. ಸೇತುವೆ ಬಂತು. ಒಂದು ಹಲಗೆ, ಒಂದು ಖಾಲಿ. ಕಂಬದವರೆಗೆ ಹೋಗಿ ಬಟ್ಟೆ ತಿರುಗಿಸುವಂತೆ ಹಿಡಿಕೆಯನ್ನು ಎಡಕ್ಕೆ ತಿರುಗಿಸಿದೆ. ಎಡಕ್ಕೆ ಅದು ಬಿಗಿಯಾಗಿತ್ತು, ಹೊಸ ಚಪ್ಪಲಿಯಂತೆ. ಹಾರಪ್ಪ ನಿಧಾನ ನಡೆದ. ಹೆಜ್ಜೆಗೊಂದು ಹಲಗೆ ಮೂಡುತ್ತ ಬಂತು. ನಾನು ಎಷ್ಟು ಅಂತ ಲೆಕ್ಕ ಇಡಲಿಲ್ಲ, ಪ್ರತಿಯೊಂದನ್ನೂ ನೋಡಿದೆ. ಕೊನೆಯ ಖಾಲಿ ತುಂಬಿ ಗೆರೆ ಪೂರ್ತಿಯಾದಾಗ, ಆ ಕಡೆಯ ತುದಿಯಲ್ಲಿ ಕಂಬ ತಾನಾಗಿ ಹೊಂಡದ ಮೇಲೆ ಅಡ್ಡ ಮಲಗಿತು. ಹಾರಪ್ಪ ತಿರುಗಿ, ಒಂದು ಸಲವೂ ಹಾರದೆ, ಸಂತೆಗೆ ಹೊರಟವನಂತೆ ನಡೆದುಹೋಗಿ ಧ್ವಜ ಮುಟ್ಟಿದ.

ಹಾಡು ಬರಲಿಲ್ಲ. ಹಾಡನ್ನು ಇನ್ನೂ ಕಟ್ಟಿರಲಿಲ್ಲ. ಬರೀ ಒಂದು 'ಟಣ್' ಸದ್ದಾಗಿ ಅಗಸಿಯ ಒಂದೇ ಕದ, ಅದೂ ಒಂದು ಸಂದಿಯಷ್ಟು, ತೆರೆಯಿತು. ಇನ್ನೊಂದು ಕದದ ಬಗ್ಗೆ ಆಟ ಮಾಡಿದವರು ಆಗಿನ್ನೂ ಯೋಚಿಸಿರಲಿಲ್ಲವೇನೋ.

"ಅರ್ಧಾನ ತಗದೀರಲ್ರಿ" ಅಂದ ಬಾಳಪ್ಪ, ಕದದ ಸಂದಿಯಲ್ಲಿ ಮುಖ ಹಾಕಿ. "ಬಸ್ ಹೆಂಗ ಒಳಗ ತರಲಿ?"

"ಬಸ್ ಅಲ್ಲೇ ಇರಲಿ. ಮನಷ್ಯಾರು ಬರತೀವಿ" ಅಂದಳು ಕಸ್ತೂರಿ.

ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು, ಅಡ್ಡ ತಿರುಗಿ ಸಂದಿಯಲ್ಲಿ ಅರ್ಧ ಹೋದವಳು ನಿಂತಳು. ನಾನು ಕೊರಳಿನ ಬಿಲ್ಲೆ ತೆಗೆಯಲು ಹೋದೆ. "ಇರಲಿ. ಇನ್ನ ಮ್ಯಾಲ ನಮ್ಮ ಮನಿ ಸರದಿ ನಿಂದು" ಅಂದಳು. ಅವಳ ಹಿಂದೆ ದಸ್ತಗೀರ ಚಾಚಾ ಚೀಲ ಹಿಡಿದು ಹೊರಟರು. ಕದ ಮುಚ್ಚಿಕೊಂಡಿತು. ಆರಕ್ಕೆ ಎರಡು ನಿಮಿಷ ಇರುವಾಗ ಬಸ್ಸು ಹೋದ ಸದ್ದು ಕೇಳಿತು. ಅಕ್ಕನನ್ನು ಕಳಿಸಿದ್ದು ನನ್ನದೇ ಕೈ. ಅದನ್ನು ಯೋಚಿಸುತ್ತ ಸ್ವಲ್ಪ ಹೊತ್ತು ಹಿಡಿಕೆಯನ್ನು ಹಿಡಿದೇ ನಿಂತಿದ್ದೆ.

ಚಾಚಾ ಬರುವವರೆಗೆ ಮೂರು ದಿನ ನಾನೇ ಬೆಳಿಗ್ಗೆ ಸಂಜೆ ಬಾಗಿಲು ತೆರೆದೆ. ಕುರಿಗಳು ಒಂದೊಂದಾಗಿ ಬಂದವು, ಚಕ್ಕಡಿಯ ಮಾಲನ್ನು ಜನ ಕೈಯಿಂದ ಕೈಗೆ ದಾಟಿಸಿದರು. ಮಾಸ್ತರು ಒಂದು ಹಾಳೆ ಹಿಡಿದು ಬಂದು, "ಎಡಕ್ಕ ಎಷ್ಟು ಹೆಜ್ಜಿ, ಬರಕೊಡವಾ" ಅಂದರು.

"ಎಣಿಸಿಲ್ರೀ ಸರ್. ನೋಡಿದೆ."

ಅವರು ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಮರುದಿನ ಬೆಳಿಗ್ಗೆ ನಾನು ಒರೆಸುವ ಹೊತ್ತಿಗೆ ಬಂದು, ಕನ್ನಡಕ ಹಾಕಿಕೊಂಡು ಗಾಜಿನ ಮುಂದೆ ಬಹಳ ಹೊತ್ತು ನಿಂತಿದ್ದರು. "ಕಪ್ಪಿ ಕಣ್ಣು ಮಿಟಕಸತೈತಲ್ಲ" ಅಂದರು ಕೊನೆಗೆ.

ಸೋಮವಾರ ಹೊಸ ಬೋರ್ಡು ಬಂತು. ನೀಲಿ ಆಕಾಶ, ಟೊಪ್ಪಿಗೆ, ಏಡಿ, ಐದು ಲೆವೆಲ್ಲು, ಹಾಡು, ಎರಡು ಕದ, ಎಲ್ಲ ಮೊದಲಿನಂತಾಯಿತು. ಊರು ಸಮಾಧಾನದಿಂದ ಹಳೆಯ ಎಣಿಕೆಗೆ ಮರಳಿತು. ನಾನೂ ದೂರಲಿಲ್ಲ, ಬಸ್ಸು ಒಳಗೆ ಬರಬೇಕಲ್ಲ. ಮಂಗಳವಾರ ಬೆಳಿಗ್ಗೆ ಒರೆಸಿ ಮುಗಿಸಿದ ಮೇಲೆ, ಸುತ್ತ ಯಾರೂ ಇಲ್ಲದಾಗ, ಆಟ ಶುರುವಾಗುವ ಜಾಗದಿಂದಲೇ ಹಿಡಿಕೆಯನ್ನು ಎಡಕ್ಕೆ ಒತ್ತಿದೆ. ಏನೂ ಇಲ್ಲವೆಂದು ಎಲ್ಲರಿಗೂ ಗೊತ್ತಿದ್ದ ಕಡೆಗೆ ಹಾರಪ್ಪ ನಡೆದ. ಗಾಜಿನ ಅಂಚು ಸರಿದು ಜಾಗ ಕೊಟ್ಟಿತು. ಅಲ್ಲಿ ಆಕಾಶ ಹೆಸರುಕಾಳಿನ ಹಸಿರು. ಮೂರು ಹಲಗೆಯ ಒಂದು ತುಂಡು ಸೇತುವೆ. ಅದರ ಮೇಲೆ ಕಪ್ಪೆ ಕೂತು ಕಣ್ಣು ಮಿಟುಕಿಸುತ್ತಿತ್ತು. ತಿದ್ದಿ ತೀಡಿದವರಿಗೆ ಅದನ್ನು ಒರೆಸಿಹಾಕಲು ಮನಸ್ಸು ಬಂದಿರಲಿಲ್ಲ.

ಮೂರು ವಾರದ ಮೇಲೆ ನಮ್ಮ ಮನೆಯ ಸರದಿ ಬಂತು. ಸಂಜೆ ಐದೂವರೆಗೆ ಹೊರಗೆ ಬಸ್ಸು ನಿಂತಿತು, ಎರಡು ಸಲ ಕಂಡಕ್ಟರ್ ಸೀಟಿ ಕೇಳಿತು. ಆ ಸೀಟಿಯ ಗತ್ತು ಕೇಳಿದ ಕೂಡಲೇ ಯಾರು ಊದಿದ್ದೆಂದು ಅವ್ವನಿಗೂ ನನಗೂ ಗೊತ್ತಾಯಿತು. ನಾನು ಬಿಲ್ಲೆ ಹಾಕಿಕೊಂಡು ಪೆಟ್ಟಿಗೆಯ ಮುಂದೆ ನಿಂತೆ. ಮಾಸ್ತರು ಐದಾರು ಮಕ್ಕಳನ್ನು ಕರೆತಂದು ಪಕ್ಕದಲ್ಲಿ ನಿಲ್ಲಿಸಿದ್ದರು. ಎಣಿಕೆ ಬಾರದವರನ್ನೇ ಆರಿಸಿ ತಂದಿದ್ದರು. ನಾನು ಮೊದಲು ಹಾರಪ್ಪನನ್ನು ಎಡಕ್ಕೆ ಕರೆದುಕೊಂಡು ಹೋದೆ. ಮಕ್ಕಳು ಗಾಜಿಗೆ ಮೂಗು ಒತ್ತಿದರು.

"ಏನ್ರಿ, ಇವತ್ತ ಇಷ್ಟು ತಡಾ?" ಬಾಳಪ್ಪ ಕೂಗಿದ.

"ಸ್ವಲ್ಪ ತಾಳ್ರಿ ಡ್ರೈವರಣ್ಣ" ಅಂದಳು ಕಸ್ತೂರಿ ಗೋಡೆಯಾಚೆಯಿಂದ. "ಇವತ್ತ ನಮ್ಮ ತಂಗಿ ಸರದಿ. ಆಕಿ ಎಲ್ಲಾ ನೋಡಿನ ಬರತಾಳ."

ಮರುದಿನ ಬೆಳಿಗ್ಗೆ ಹಿಡಿಕೆ ಒರೆಸುವಾಗ ಎಡಗಡೆಯ ಕೆಂಪಿನಲ್ಲಿ, ಎಳ್ಳುಕಾಳಿನಷ್ಟು ಜಾಗದಲ್ಲಿ, ಕಬ್ಬಿಣ ಹೊಳೆಯುವುದು ಕಂಡಿತು.